ಕಾಗದದ ಹೊಳಪು ಇಳಿಯುವ ಹೊತ್ತು

ಶುಭಾಶಯದ ಕಾರ್ಡ್ ಮಾಡಲು ಕಲಿಯಬೇಕೆಂದು ಬರುವವರು ಮೊದಲು ಕೇಳುವುದು, ಯಾವ ಇಂಕು ತಗೊಳ್ಳಬೇಕು ಅಂತ. ನಾನು ತಿರುಗಿ ಕೇಳುವುದು ಬೇರೆ: ಒದ್ದೆ ಕಾಗದವನ್ನು ಮುಟ್ಟದೆ ಎರಡು ನಿಮಿಷ ಸುಮ್ನೆ ನೋಡುತ್ತಾ ಕೂರಲು ಆಗುತ್ತಾ? ಕಾರ್ಡಿನ ಬಣ್ಣದ ಹಿನ್ನೆಲೆ ಚೆಂದ ಬರುವುದೂ ಕೆಡುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ.

ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿ ಹೂವು ಮೂಡಿಸುವ ಕೆಲಸವನ್ನೇ ನೋಡಿ. ಜಲವರ್ಣಕ್ಕೆ ಬಳಸುವ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದವನ್ನು ಹಲಗೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ. ತೆಳು ಕಾಗದವಾದರೆ ನೀರು ಬಿದ್ದ ಕೂಡಲೇ ಅಲೆ ಅಲೆಯಾಗಿ ಏಳುತ್ತದೆ. ಅಗಲದ ಬ್ರಷ್‌ನಲ್ಲಿ ನೀರು ಸವರಿ, ನೀಲಿ ಇಂಕಿನ ನಾಲ್ಕೈದು ಹನಿ ಬಿಡಿ. ಈಗ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಾಗದ ಕನ್ನಡಿ ಥರ ಹೊಳೆಯುತ್ತಿರುತ್ತದೆ. ಆಗ ಉಪ್ಪು ಉದುರಿಸಿದರೆ ಕರಗಿಹೋಗಿ ಮಸುಕು ಕಲೆಗಳಷ್ಟೇ ಉಳಿಯುತ್ತವೆ. ಕಾಯಿರಿ. ಹೊಳಪು ನಿಧಾನವಾಗಿ ಇಳಿದು, ರೇಷ್ಮೆ ಬಟ್ಟೆಯ ಮಿನುಗಿನಷ್ಟು ಉಳಿಯುತ್ತದೆ. ಉಪ್ಪು ಹಾಕಬೇಕಾದದ್ದು ಆಗ. ಹರಳು ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ, ನೀರಿನ ಜೊತೆ ಬಣ್ಣವೂ ಜರುಗುತ್ತದೆ. ನೋಡನೋಡುತ್ತಲೇ ಹರಳಿನ ಸುತ್ತ ಬಿಳಿಚು ಎಸಳುಗಳು ಬಿಚ್ಚಿಕೊಳ್ಳುತ್ತವೆ. ಎಷ್ಟೋ ವರ್ಷದಿಂದ ಮಾಡುತ್ತಿದ್ದರೂ ಆ ಕ್ಷಣಕ್ಕೆ ನನ್ನ ಕೈ ತಾನಾಗೇ ನಿಂತುಬಿಡುತ್ತದೆ. ಕಲ್ಲುಪ್ಪಾದರೆ ದೊಡ್ಡ ಹೂವು, ಪುಡಿ ಉಪ್ಪಾದರೆ ಹಿಮ ಉದುರಿದ ಹಾಗೆ. ಹೇರ್ ಡ್ರೈಯರ್ ಮಾತ್ರ ಹಿಡಿಯಬೇಡಿ. ಕಾಗದ ಬೇಗ ಒಣಗಿದರೆ ಎಸಳು ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲೆ ಒಣ ಕೈಯಿಂದ ಉಪ್ಪನ್ನು ಉಜ್ಜಿ ಉದುರಿಸಿ.

ನನಗೆ ಇನ್ನೂ ಇಷ್ಟವಾದದ್ದು ಕಪ್ಪು ಇಂಕು. ಫೌಂಟನ್ ಪೆನ್ನಿಗೆ ಹಾಕುವ ಎಷ್ಟೋ ಕಪ್ಪು ಇಂಕುಗಳು ನಿಜಕ್ಕೂ ಬರೀ ಕಪ್ಪಲ್ಲ, ಹಲವು ಬಣ್ಣಗಳು ಕೂಡಿದ ಕಪ್ಪು. ಒದ್ದೆ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಹರಿಯುತ್ತದೆ. ನಡುವೆ ಕಪ್ಪು ಉಳಿದು, ಅಂಚಿನಲ್ಲಿ ನೀಲಿಯೋ ನೇರಳೆಯೋ ಕೆಂಪೋ ಹೊರಬರುತ್ತದೆ. ಒಂದು ಬಾಟಲಿ ಸಾಕು, ಇಡೀ ಕಾರ್ಡಿಗೆ ಬಣ್ಣ ಸಿಗುತ್ತದೆ. ಆದರೆ ಇಂಗಾಲದ ಕಣಗಳಿರುವ ವಾಟರ್‌ಪ್ರೂಫ್ ಇಂಕು ಹೀಗೆ ಒಡೆಯುವುದಿಲ್ಲ, ಅದು ಬರಹಕ್ಕೆ ಸರಿ.

ಬಣ್ಣ ಜಾಸ್ತಿ ಹಾಕಿದಷ್ಟೂ ಚೆಂದ ಅಂತ ಹೊಸಬರಿಗೆ ಅನಿಸುವುದು ಸಹಜ. ನೇರಳೆ ಪಕ್ಕ ಹಳದಿ, ಕೆಂಪಿನ ಪಕ್ಕ ಹಸಿರು ಒದ್ದೆಯಲ್ಲೇ ಕೂಡಿದರೆ ಕೆಸರು ಬಣ್ಣವೇ ಬರುವುದು. ಎರಡು ಬಣ್ಣ ಸಾಕು, ಅದೂ ನೀಲಿ ಮತ್ತು ಹಸಿರಿನ ಹಾಗೆ ಹತ್ತಿರದವು. ಮೂರನೆಯದು ಬೇಕೇ ಬೇಕೆಂದರೆ ಮೊದಲಿನವು ಒಣಗಲಿ.

ನೀರಿನ ಬದಲು ಆಲ್ಕೋಹಾಲ್‌ನಲ್ಲಿ ಬಣ್ಣ ಬೆರೆಸಿದ ಆಲ್ಕೋಹಾಲ್ ಇಂಕಿನ ದಾರಿಯೇ ಬೇರೆ. ಅದು ಹೀರಿಕೊಳ್ಳುವ ಕಾಗದಕ್ಕಲ್ಲ, ಯೂಪೋ ಥರದ ಪ್ಲಾಸ್ಟಿಕ್ ಹಾಳೆಗೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ ಊದಿದರೆ ಬಣ್ಣ ಹೊಗೆಯ ಹಾಗೆ ಹರಡುತ್ತದೆ. ಕಿಟಕಿ ತೆರೆದಿರಲಿ. ಹತ್ತಿರದಲ್ಲಿ ಬೆಂಕಿ, ಬಿಸಿಗಾಳಿ ಊದುವ ಹೀಟ್ ಗನ್ ಯಾವುದೂ ಬೇಡ. ಆಲ್ಕೋಹಾಲ್‌ನ ಆವಿಗೂ ಬೆಂಕಿ ಹತ್ತುತ್ತದೆ.

ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಇಳಿಸುವ ಜಪಾನಿನ ಸುಮಿನಗಾಶಿ, ಟರ್ಕಿಯ ಎಬ್ರು ಕೂಡ ಇದೇ ಬಳಗದವು. ಎಬ್ರು 2014ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಎಬ್ರುವಿನಲ್ಲಿ ಬಣ್ಣ ಮುಳುಗದ ಹಾಗೆ ನೀರನ್ನೇ ಮಂದ ಮಾಡಿಕೊಳ್ಳುತ್ತಾರೆ. ಅದಕ್ಕೆ ತಾಳ್ಮೆ ಇನ್ನೂ ಹೆಚ್ಚು ಬೇಕು.

ಇನ್ನು ಹಿನ್ನೆಲೆಯನ್ನು ಕಾರ್ಡಿಗೆ ಅಂಟಿಸುವ ವಿಷಯ. ಒಮ್ಮೆ ತುಂಬ ಆಸೆಪಟ್ಟು ಮಾಡಿದ ಹನ್ನೆರಡು ಕಾರ್ಡುಗಳಿಗೆ ನೀರಾದ ಅಂಟು ಹಚ್ಚಿದೆ. ಬೆಳಿಗ್ಗೆ ನೋಡಿದರೆ ಅಂಟಿನ ತೇವ ಏರಿ, ಉಪ್ಪಿನ ಹೂವುಗಳೆಲ್ಲ ಕಲಸಿಹೋಗಿದ್ದವು. ಹೊಟ್ಟೆ ಉರಿದುಹೋಯಿತು. ಅವತ್ತಿನಿಂದ ಎರಡು ಬದಿ ಅಂಟುವ ಟೇಪನ್ನೇ ಬಳಸುತ್ತೇನೆ. ಎ5 ಹಾಳೆಯನ್ನು ಮಡಚಿದರೆ 14.8 ಸೆಂ.ಮೀ. ಉದ್ದ, 10.5 ಸೆಂ.ಮೀ. ಅಗಲದ ಕಾರ್ಡು ಸಿಗುತ್ತದೆ. ಹಿನ್ನೆಲೆಯನ್ನು 14 ಸೆಂ.ಮೀ. ಉದ್ದ, 9.7 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಸುತ್ತ 4 ಮಿ.ಮೀ. ಬಿಳಿ ಅಂಚು ಉಳಿಯಲಿ.

ಎಲ್ಲಿ ಕತ್ತರಿಸುವುದು ಅನ್ನುವುದಕ್ಕೆ ಒಂದು ಉಪಾಯ ಇದೆ. ರದ್ದಿ ಕಾಗದದಲ್ಲಿ ಅದೇ ಅಳತೆಯ ಕಿಟಕಿ ಕೊರೆದುಕೊಳ್ಳಿ. ಒಣಗಿದ ಹಾಳೆಯ ಮೇಲೆ ಅದನ್ನು ಮೆಲ್ಲಗೆ ಸರಿಸುತ್ತಾ ಹೋಗಿ. ಕೆಟ್ಟಿತು ಅಂತ ಪಕ್ಕಕ್ಕೆ ಇಟ್ಟ ಹಾಳೆಯಲ್ಲೂ ಒಂದು ಒಳ್ಳೆಯ ತುಂಡು ಸಿಕ್ಕೇ ಸಿಗುತ್ತದೆ. ಬಣ್ಣ ತೆಳುವಾಗಿ, ಏನೂ ನಡೆಯದ ಒಂದು ಮೂಲೆ ಕಿಟಕಿಯೊಳಗೆ ಬಂತಾ? ಅಲ್ಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಶುಭಾಶಯದ ಎರಡು ಮಾತು ಬರೆಯುವುದು ಆ ಮೂಲೆಯಲ್ಲಿ.