ನಾಯಿ ತೊಗಲಿನ ಬುರುಡೆ

ನಾಯಿಯ ತೊಗಲನ್ನು ಸೀಳದೆ ಇಡಿಯಾಗಿ ಸುಲಿದು, ಕಾಲಿನ ತೂತುಗಳನ್ನು ಬಿಗಿದು ಕಟ್ಟಿ, ಗಾಳಿ ತುಂಬಿ, ಮೇಲೆ ಡಾಂಬರು ಬಳಿಯುತ್ತಿದ್ದರು. ಆಗ ಅದು ಕುಲುಮೆಯ ತಿದಿಯಂತೆ ಉಬ್ಬಿ ನಿಲ್ಲುತ್ತಿತ್ತು. ಸಮುದ್ರದಲ್ಲಿ ಬಲೆ ಎಲ್ಲಿದೆ ಎಂಬ ಗುರುತಿಗೆ ತೇಲಿಬಿಡುವ ಬುರುಡೆ ಅದು. ಕೇಳಿದರೇ ಮುಖ ಸಿಂಡರಿಸುವಂಥದ್ದು, ಅಲ್ವಾ? ಸ್ಕಾಟ್ಲೆಂಡಿನ ಉತ್ತರದ ಅಂಚಿನಲ್ಲಿರುವ ಸ್ಟ್ರಾತ್‌ನೇವರ್ ಮ್ಯೂಸಿಯಂನಲ್ಲಿ ಇಂಥದ್ದೊಂದು ಇದೆ.

ಮ್ಯೂಸಿಯಂ ಇರುವ ಊರು ಬೆಟ್ಟಿಹಿಲ್. ನಮ್ಮ ಬೆಟ್ಟಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಬೆಟ್ಟಿ ಅಂದರೆ ಎಲಿಜಬೆತ್, ಸದರ್‌ಲ್ಯಾಂಡ್ ಸೀಮೆಯ ಕೌಂಟೆಸ್, ಅಂದರೆ ಜಮೀನಿನ ಒಡತಿ. ತನ್ನ ಜಮೀನಿನಿಂದ ಎಬ್ಬಿಸಿದ ಜನ ಬಂದು ನೆಲೆಯಾದ ಊರಿಗೆ ಆಕೆಯದೇ ಹೆಸರು!

ನೇವರ್ ನದಿಯ ಕಣಿವೆಯಲ್ಲಿ ಆಗ ಗೇಲಿಕ್ ಮಾತಾಡುವ ಜನ ದನ ಸಾಕಿ, ಓಟ್ಸ್ ಬೆಳೆದು ಬದುಕುತ್ತಿದ್ದರು. ಅವರ ಗೇಣಿಗಿಂತ ಕುರಿಯ ಉಣ್ಣೆಯಲ್ಲಿ ಲಾಭ ಜಾಸ್ತಿ ಎಂದು ಒಡೆಯರಿಗೆ ಅನ್ನಿಸಿತು. 1814ರಲ್ಲಿ ಶುರುವಾದ ಒಕ್ಕಲೆಬ್ಬಿಸುವಿಕೆ 1819ರಲ್ಲಿ ಇನ್ನೂ ದೊಡ್ಡದಾಯಿತು. ಮೊದಲ ಸಲ ಮುಂದೆ ನಿಂತು ಜನರನ್ನು ಎಬ್ಬಿಸಿದವನು ಪ್ಯಾಟ್ರಿಕ್ ಸೆಲ್ಲರ್. ಜಮೀನಿನ ಕಾರಭಾರಿಯೂ ಅವನೇ, ಖಾಲಿಯಾದ ನೆಲದಲ್ಲಿ ಕುರಿ ಮೇಯಿಸಲು ಗುತ್ತಿಗೆ ಹಿಡಿದವನೂ ಅವನೇ. ಒಕ್ಕಲೆಬ್ಬಿಸುವಾಗ ಆದ ಸಾವುಗಳಿಗೆ ಕಾರಣನಾದ ಎಂದು 1816ರಲ್ಲಿ ಅವನ ಮೇಲೆ ಕೇಸು ನಡೆಯಿತು. ಬಿಡುಗಡೆಯಾದ.

ಆ ಕಡೆ ಮನೆಗೆ ಬೇಕಾದಷ್ಟು ಮರ ಸಿಗುವುದೇ ಕಷ್ಟ. ಮನೆ ಬಿಡುವವರು ಮಾಡಿನ ತೊಲೆ ಬಿಚ್ಚಿ ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕೇ ಎಬ್ಬಿಸಲು ಬಂದವರು ತೊಲೆಗಳಿಗೆ ಬೆಂಕಿ ಇಟ್ಟರು. ತೊಲೆ ಇಲ್ಲದಿದ್ದರೆ ಮತ್ತೆ ಬಂದು ಮಾಡು ಹಾಕುವ ಹಾಗಿಲ್ಲ. ಕಲ್ಲುಕುಟಿಗ ಡೊನಾಲ್ಡ್ ಮೆಕ್ಲೌಡ್ ಒಂದು ರಾತ್ರಿ ಹನ್ನೊಂದಕ್ಕೆ ಗುಡ್ಡ ಹತ್ತಿ ಎಣಿಸಿದನಂತೆ: ಉರಿಯುತ್ತಿದ್ದ ಮನೆಗಳು 250. ಮುಂದೆ ಕೆನಡಾಕ್ಕೆ ಹೋದ ಅವನು ಇದನ್ನೆಲ್ಲ ಬರೆದಿಟ್ಟ.

ಕಣಿವೆಯಿಂದ ಹೊರಟವರಿಗೆ ಕಡಲ ಪಕ್ಕದಲ್ಲಿ ತುಂಡು ನೆಲ ಸಿಕ್ಕಿತು. ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಮೀನು ಹಿಡಿಯಲೇಬೇಕಿತ್ತು. ದನ ಮೇಯಿಸಿ ಗೊತ್ತಿದ್ದವರು ಬಲೆ ಬೀಸುವುದನ್ನು ಕಲಿತರು. ಕೈಗೆ ಸಿಕ್ಕಿದ್ದರಲ್ಲೇ ಸಾಮಾನು ಮಾಡಿಕೊಳ್ಳಬೇಕಾದ ಬದುಕು. ನಾಯಿ ತೊಗಲೂ ಬಿಸಾಡುವ ವಸ್ತುವಲ್ಲ.

ಈಗ ಮ್ಯೂಸಿಯಂಗಳ ಮಾತು. ಊರಿನವರು ಕೊಟ್ಟದ್ದನ್ನು ಜೋಡಿಸಿಟ್ಟ ಇಂಥ ಸಣ್ಣ ಮ್ಯೂಸಿಯಂಗಳಲ್ಲಿ ಚರಕ, ಬೆಣ್ಣೆ ಕಡೆಯುವ ಪಾತ್ರೆ, ಉರುವಲಿಗೆ ಜೌಗು ನೆಲದ ಹೆಂಟೆ ಕಡಿಯುವ ಸನಿಕೆ ಇವೆಲ್ಲ ಸಾಮಾನ್ಯ. ಸುಮ್ನೆ ಹಳೇ ಸಾಮಾನು ಅಂತ ದಾಟಿ ಹೋಗಬಹುದು. ಆದರೆ ಅಜ್ಜನ ಸನಿಕೆ ಮೊಮ್ಮಗನವರೆಗೆ ಮೂಲೆಯಲ್ಲಿ ಬಿದ್ದಿರಬೇಕಾದರೆ, ಆ ಮನೆ ಅಷ್ಟು ಕಾಲ ಅವರದಾಗಿಯೇ ಇರಬೇಕು ತಾನೆ? ಆ ಭರವಸೆ ಬಂದದ್ದು ತೀರಾ ತಡವಾಗಿ. 1883ರಲ್ಲಿ ಸಣ್ಣ ಗೇಣಿದಾರರ ದೂರು ಕೇಳಲು ನೇಪಿಯರ್ ಆಯೋಗ ಬೆಟ್ಟಿಹಿಲ್‌ಗೂ ಬಂತು. 1886ರ ಕಾನೂನು ಅವರಿಗೆ ನೆಲದ ಹಕ್ಕು ಕೊಟ್ಟಿತು. ಗೇಣಿ ಕಟ್ಟುವವರನ್ನು ಮನಸ್ಸಿಗೆ ಬಂದಂತೆ ಎಬ್ಬಿಸುವ ಹಾಗಿಲ್ಲ, ಹಿಡುವಳಿ ಮಕ್ಕಳಿಗೂ ಹೋಗುತ್ತದೆ. ಅಟ್ಟದಲ್ಲಿ ಸಾಮಾನು ಸೇರಲು ಶುರುವಾದದ್ದೇ ಆಮೇಲೆ ಅಂತ ನನ್ನ ಲೆಕ್ಕ.

1976ರಲ್ಲಿ ಊರಿನ ಹಳೇ ಚರ್ಚಿನಲ್ಲಿ ಮ್ಯೂಸಿಯಂ ತೆರೆಯಿತು. ಸುಣ್ಣ ಬಳಿದ ಗೋಡೆ, ಹೊರಗೆ ಸ್ಮಶಾನ, ಅದರೊಳಗೆ ಸಾವಿರ ವರ್ಷಕ್ಕೂ ಹಳೆಯ, ಶಿಲುಬೆ ಕೆತ್ತಿದ ‘ಫಾರ್’ ಎಂಬ ಹೆಸರಿನ ಕಲ್ಲು. ಒಳಗೆ ಪಾದ್ರಿ ನಿಂತು ಬೋಧಿಸುತ್ತಿದ್ದ ಮರದ ಎತ್ತರದ ಪೀಠವೂ ಇದೆ. ಮನೆ ಖಾಲಿ ಮಾಡಿ ಎಂಬ ನೋಟಿಸನ್ನು ಪಾದ್ರಿ ಡೇವಿಡ್ ಮೆಕೆಂಜಿ ಜನರಿಗೆ ಓದಿ ಹೇಳಿದ್ದು ಇದರ ಮೇಲಿಂದಲೇ ಎಂದು ಮ್ಯೂಸಿಯಂ ಹೇಳುತ್ತದೆ. ಮನೆಗಳ ತೊಲೆ ಸುಟ್ಟವು, ಈ ಮರ ಸುಡಲಿಲ್ಲ. ಇದನ್ನು ಯಾರೂ ತಂದು ಕೊಟ್ಟದ್ದಲ್ಲ, ಮೊದಲಿಂದಲೂ ಅಲ್ಲೇ ಇತ್ತು.