ಮೋಡದ ಬಿಸಿಲು ಕ್ಷಿಪಣಿಯಾಗಿ ಕಂಡ ರಾತ್ರಿ

1983ರ ಸೆಪ್ಟೆಂಬರ್ 26. ಮಾಸ್ಕೋದಲ್ಲಿ ಆಗಷ್ಟೇ ಮಧ್ಯರಾತ್ರಿ ದಾಟಿತ್ತು. ನಗರದ ದಕ್ಷಿಣಕ್ಕಿರುವ, ಸೋವಿಯತ್ ಒಕ್ಕೂಟದ ಕ್ಷಿಪಣಿ ಎಚ್ಚರಿಕೆ ಕೇಂದ್ರವಾಗಿದ್ದ ಸೆರ್ಪುಖೋವ್-15 ನೆಲೆಯ ಪರದೆಯಲ್ಲಿ, ಅಮೆರಿಕದಿಂದ ಒಂದು ಕ್ಷಿಪಣಿ ಹಾರಿದೆ ಎಂಬ ಎಚ್ಚರಿಕೆ ಮೂಡಿತು. ಬೆನ್ನಿಗೇ ಇನ್ನೂ ನಾಲ್ಕು. ಅಂಥ ಕ್ಷಿಪಣಿ ಗುರಿ ಮುಟ್ಟಲು ಸುಮಾರು 30 ನಿಮಿಷ ಸಾಕು.

ಎಚ್ಚರಿಕೆ ಕೊಟ್ಟದ್ದು ‘ಓಕೋ’ ಉಪಗ್ರಹ ವ್ಯವಸ್ಥೆ. ಈ ಉಪಗ್ರಹಗಳು ಭೂಮಿಯನ್ನು ನೇರವಾಗಿ ದಿಟ್ಟಿಸುತ್ತಿರಲಿಲ್ಲ. ಸುಮಾರು 40,000 ಕಿ.ಮೀ. ಎತ್ತರಕ್ಕೇರುವ ನೀಳ ಕಕ್ಷೆಯಿಂದ ಭೂಮಿಯ ಅಂಚನ್ನು ಓರೆಯಾಗಿ ನೋಡುತ್ತಿದ್ದವು. ಮೇಲೇರುವ ಕ್ಷಿಪಣಿಯ ಜ್ವಾಲೆ ಸೂಸುವ ಅವಗೆಂಪು (ಕಣ್ಣಿಗೆ ಕಾಣದ ಶಾಖದ) ಕಿರಣ ಕಪ್ಪು ಆಕಾಶದೆದುರು ಎದ್ದು ಕಾಣಲಿ, ನೆಲದ ಹೊಳಪು ಅಡ್ಡ ಬಾರದಿರಲಿ ಎಂಬುದು ಲೆಕ್ಕಾಚಾರ. ಆದರೆ ಹಗಲು-ರಾತ್ರಿ ಸಮನಾಗುವ ವಿಷುವದ್ದಿನ ಕಳೆದ ಆ ದಿನಗಳಲ್ಲಿ ಸೂರ್ಯ, ಉಪಗ್ರಹ ಮತ್ತು ಅಮೆರಿಕದ ಕ್ಷಿಪಣಿ ನೆಲೆಗಳ ನಡುವಿನ ಕೋನ ಹೇಗೆ ಕೂಡಿಬಂತೆಂದರೆ, ಎತ್ತರದ ಮೋಡಗಳಿಂದ ಪ್ರತಿಫಲಿಸಿದ ಬಿಸಿಲು ಸೀದಾ ಸಂವೇದಕಕ್ಕೆ ಬಿತ್ತು.

ಪಾಳಿಯಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೋವ್ ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ತಿಳಿಸಿದರು. ಸಾವಿರಾರು ಅಣು ಸಿಡಿತಲೆ ಇಟ್ಟುಕೊಂಡವರು ಐದೇ ಕ್ಷಿಪಣಿಯಿಂದ ಯುದ್ಧ ಆರಂಭಿಸುವುದಿಲ್ಲ ಎಂಬುದು ಅವರ ತರ್ಕ. ದಿಗಂತ ದಾಟಿ ಬರುವವರೆಗೆ ಕ್ಷಿಪಣಿ ನೆಲದ ರಾಡಾರಿಗೆ ಕಾಣದು. ನಿಮಿಷಗಳು ಕಳೆದರೂ ರಾಡಾರ್ ಖಾಲಿಯೇ ಇತ್ತು. ಗುಂಡಿ ಒತ್ತುವ ಅಧಿಕಾರ ಪೆಟ್ರೋವ್ ಅವರಿಗೆ ಇರಲಿಲ್ಲ, ನಿಜ. ಆದರೆ ಸೋವಿಯತ್ ಪಡೆ ಕೊರಿಯಾದ ಪ್ರಯಾಣಿಕ ವಿಮಾನ ಉರುಳಿಸಿ 269 ಜನ ಸತ್ತು ನಾಲ್ಕು ವಾರವೂ ಆಗಿರದ, ಎರಡೂ ಕಡೆ ಅನುಮಾನ ಕುದಿಯುತ್ತಿದ್ದ ಆ ಹೊತ್ತಿನಲ್ಲಿ ಅವರ ಆ ಒಂದು ಮಾತಿನ ತೂಕ ದೊಡ್ಡದು.

ರಾಡಾರಿನಂಥ ಎರಡನೇ ಸಾಕ್ಷಿಗೆ ಕಾಯಲು ಧೈರ್ಯವೊಂದಿದ್ದರೆ ಸಾಲದು, ಕಾಯುವಷ್ಟು ವ್ಯವಧಾನವೂ ಬೇಕು. ಆ ವ್ಯವಧಾನವನ್ನು ಒದಗಿಸಿದ್ದು ಸಮುದ್ರದಡಿಯ ಜಲಾಂತರ್ಗಾಮಿಗಳು. ನೆಲದ ಮೇಲಿನ ನೆಲೆಗಳೆಲ್ಲ ಸುಟ್ಟುಹೋದರೂ ಅವು ತಿರುಗೇಟು ಕೊಡಬಲ್ಲವು. ಹೀಗಾಗಿ ಮೊದಲ ಎಚ್ಚರಿಕೆಗೇ ಬೆಚ್ಚಿ ಕ್ಷಿಪಣಿ ಹಾರಿಸಬೇಕಾದ ಅನಿವಾರ್ಯತೆ ಇರಲಿಲ್ಲ.

ಅಮೆರಿಕದ ಕಡೆಯೂ ಇಂಥದ್ದೇ ಆಗಿತ್ತು. 1980ರ ಜೂನ್ 3ರಂದು ಅಲ್ಲಿನ ಪರದೆಗಳಲ್ಲಿ ಮೊದಲು 2, ಆಮೇಲೆ 200ರಷ್ಟು ಕ್ಷಿಪಣಿಗಳು ಕಂಡವು. ಬಾಂಬರ್ ವಿಮಾನಗಳ ಎಂಜಿನ್ ಚಾಲೂ ಆದವು. ಆದರೆ ಉಪಗ್ರಹಗಳಿಗೂ ರಾಡಾರ್‌ಗಳಿಗೂ ಏನೂ ಕಂಡಿರಲಿಲ್ಲ. ಸಂಪರ್ಕ ಮಾರ್ಗ ಸರಿಯಿದೆಯೇ ಎಂದು ನೋಡಲು ಎಚ್ಚರಿಕೆ ಕೇಂದ್ರದಿಂದ ಸದಾ ಪರೀಕ್ಷಾ ಸಂದೇಶ ಹೋಗುತ್ತಿತ್ತು. ಅದರ ನಮೂನೆ ದಾಳಿ ವರದಿಯದ್ದೇ, ಕ್ಷಿಪಣಿ ಸಂಖ್ಯೆಯ ಜಾಗದಲ್ಲಿ ಮಾತ್ರ ಸೊನ್ನೆಗಳು. ಕೆಟ್ಟುಹೋದ ಒಂದು ಚಿಪ್ ಆ ಸೊನ್ನೆಗಳ ಜಾಗದಲ್ಲಿ ಅಲ್ಲಲ್ಲಿ 2 ತುಂಬಿತ್ತು. ಆಮೇಲೆ ಪರೀಕ್ಷಾ ಸಂದೇಶದ ನಮೂನೆಯನ್ನೇ ಬದಲಿಸಿ, ಪ್ರತಿ ಸಂದೇಶಕ್ಕೂ ದೋಷಪತ್ತೆಯ ವ್ಯವಸ್ಥೆ ಸೇರಿಸಿದರು.