ಹಗ್ಗದ ಮೂರನೆಯ ಗಂಟು: ಸನ್ಯಾಸಿ ಸಭೆಗಳ ಸಂತರನ್ನು ಓದುವ ಬಗೆ

ಕಾರವಾರದ ಕಾಜುಬಾಗದಲ್ಲಿ ನಮ್ಮ ಪಕ್ಕದ ಮನೆಯ ಬಾಯಿಯವರ ಅಲ್ತಾರಿನ (ಮನೆಯ ಪೂಜಾಪೀಠದ) ಮೇಲೆ ಗೇಣುದ್ದದ ಒಂದು ಮೂರ್ತಿ ಇದೆ. ಕಂದು ನಿಲುವಂಗಿ, ಕೈಯಲ್ಲಿ ಬಾಲಯೇಸು, ಒಂದು ಬಿಳಿ ಲಿಲ್ಲಿ ಹೂವು, ಸೊಂಟದಿಂದ ಇಳಿಬಿದ್ದ ಬಿಳಿ ಹಗ್ಗ. ಕರಾವಳಿ ಕ್ರೈಸ್ತರ ಇತಿಹಾಸ ಓದಲು ಹೊರಟ ನಾವು ಮೂವರು ಗೆಳೆಯರಿಗೆ ಮೊದಲ ಪಾಠವಾದದ್ದು ಅದರ ಮುಂದೆಯೇ. ಹಗ್ಗದ ಗಂಟುಗಳನ್ನು ಎಣಿಸಿ ನಾನು ‘ಎರಡು’ ಎಂದು ಬರೆದುಕೊಂಡೆ. ‘ಮೂರು ಇರಬೇಕು, ಸರಿಯಾಗಿ ನೋಡು ಬಾಬಾ’ ಎಂದರು ಬಾಯಿ. ಸೆರಗಿನ ತುದಿಯನ್ನು ಒದ್ದೆ ಮಾಡಿ ಮೂರ್ತಿಯ ಪಾದದ ಹತ್ತಿರ ಒರೆಸಿದರು. ಮೇಣದ ಬತ್ತಿಯ ಹೊಗೆ ಹಿಡಿದು ಕಪ್ಪಾಗಿದ್ದ ಮೂರನೆಯ ಗಂಟು ಮೇಲೆದ್ದು ಕಾಣಿಸಿತು.

ಬಡತನ, ಬ್ರಹ್ಮಚರ್ಯ, ವಿಧೇಯತೆ: ಒಂದೊಂದು ಗಂಟು ಒಂದೊಂದು ವ್ರತ. ಈ ಹಗ್ಗ ಕಂಡಿತೆಂದರೆ ಆ ಸಂತರು ಅಸಿಸಿಯ ಫ್ರಾನ್ಸಿಸರ ಸಭೆಗೆ ಸೇರಿದವರು ಎಂದು ಧೈರ್ಯವಾಗಿ ಬರೆಯಬಹುದು. ಬಾಯಿಯವರ ಮೂರ್ತಿ ಪಾದುವಾದ ಸಂತ ಅಂತೋನಿಯವರದು.

ಅಲ್ಲಿಯವರೆಗೆ ನಾವು ಹೆಸರು, ಇಸವಿ, ಹಬ್ಬದ ದಿನ ಎಂದು ಮೂರು ಅಂಕಣ ಎಳೆದು ಉರು ಹೊಡೆಯುತ್ತಿದ್ದೆವು. ಅದು ಯಾವುದಕ್ಕೂ ಪ್ರಯೋಜನವಾಗುವುದಿಲ್ಲ. ಸಂತರು ಯಾವ ಸಭೆಯವರು, ಆ ಸಭೆ ಯಾರನ್ನು ಒಳಗೆ ಬಿಟ್ಟುಕೊಂಡಿತು, ಯಾರನ್ನು ಬಾಗಿಲಲ್ಲೇ ನಿಲ್ಲಿಸಿತು ಎಂದು ಕೇಳಿದರೆ ಮಾತ್ರ ಇಸವಿಗಳಿಗೆ ಜೀವ ಬರುತ್ತದೆ.

ಮೊದಲು ಪದದ ತೊಡಕು. ಕನ್ನಡದಲ್ಲಿ ಇಡೀ ಕಥೋಲಿಕ ಸಂಸ್ಥೆಗೆ ‘ಧರ್ಮಸಭೆ’ ಎನ್ನುತ್ತೇವೆ. ಅದರೊಳಗಿನ ಸನ್ಯಾಸಿಗಳ ಕೂಟಕ್ಕೂ ‘ಸಭೆ’ ಎನ್ನುತ್ತೇವೆ. ಈ ಟಿಪ್ಪಣಿಯಲ್ಲಿ ಸಭೆ ಎಂದರೆ ಎರಡನೆಯದು. ಊರಿನ ಚರ್ಚ್ ನೋಡಿಕೊಳ್ಳುವ ಪಾದ್ರಿಗಳೆಲ್ಲ ಸಭೆಯವರಲ್ಲ. ಹೆಚ್ಚಿನವರು ನೇರವಾಗಿ ಧರ್ಮಾಧ್ಯಕ್ಷರ ಕೆಳಗೆ, ಇಲ್ಲಿ 1976ರಲ್ಲಿ ರೂಪುಗೊಂಡ ಕಾರವಾರ ಧರ್ಮಪ್ರಾಂತ್ಯಕ್ಕೆ, ಸೇರಿದವರು. ಹೆಸರಿನ ಕೊನೆಯಲ್ಲಿ ‘ಎಸ್.ಜೆ.’ ಎಂದಿದ್ದರೆ ಯೇಸುಸಭೆ, ‘ಓ.ಎಫ್.ಎಂ.’ ಎಂದಿದ್ದರೆ ಫ್ರಾನ್ಸಿಸ್ಕನ್, ‘ಓ.ಸಿ.ಡಿ.’ ಎಂದಿದ್ದರೆ ಕಾರ್ಮೆಲ್ ಸಭೆ.

ಸ್ಥಾವರ, ಜಂಗಮ

ಸಭೆಗಳ ವರ್ಗೀಕರಣ ಪಠ್ಯದಲ್ಲಿ ಓದಿದರೆ ತಲೆ ಕೆಡುತ್ತದೆ. ನಮ್ಮದೇ ಎರಡು ಪದಗಳನ್ನು ಹಿಡಿದುಕೊಂಡರೆ ಮುಕ್ಕಾಲು ಪಾಲು ಬಗೆಹರಿಯುತ್ತದೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮ ಪಾಲಿಸುವವರು ಸ್ಥಾವರದವರು. ಸೇರಿದ ಮಠದಲ್ಲೇ ಕೊನೆಯವರೆಗೂ ಇರುತ್ತೇನೆ ಎನ್ನುವುದೇ ಅವರ ಒಂದು ವ್ರತ. ಹದಿಮೂರನೆಯ ಶತಮಾನದಲ್ಲಿ ಎದ್ದ ಫ್ರಾನ್ಸಿಸ್ಕನ್, ಡೊಮಿನಿಕನ್ ಸಭೆಗಳು ಜಂಗಮ. ಬೇಡಿ ಉಣ್ಣುತ್ತ, ಪೇಟೆಯಿಂದ ಪೇಟೆಗೆ ನಡೆಯುತ್ತ ಬೋಧಿಸುವ ಭಿಕ್ಷುಗಳು.

ಶಿರಸಿ ಕಡೆಯ ಗೆಳೆಯ ಇದಕ್ಕೆ ಸೋಂದೆಯ ಮಠಗಳನ್ನು ಹೋಲಿಸಿದ. ಹೋಲಿಕೆ ಅರ್ಧ ದಾರಿಯವರೆಗೆ ಬರುತ್ತದೆ, ಆಮೇಲೆ ಕೈಕೊಡುತ್ತದೆ. ನಮ್ಮ ಪೀಠಕ್ಕೆ ಒಬ್ಬ ಸ್ವಾಮೀಜಿ. ಉತ್ತರಾಧಿಕಾರಿಯನ್ನು ಅವರೇ ಆರಿಸುತ್ತಾರೆ. ಬೆನೆಡಿಕ್ಟರ ಮಠದಲ್ಲಿ ಹಲವಾರು ಸನ್ಯಾಸಿಗಳು ಒಟ್ಟಿಗೆ ಬದುಕುತ್ತಾರೆ, ಮುಖ್ಯಸ್ಥರನ್ನು ತಾವೇ ಸೇರಿ ಆರಿಸುತ್ತಾರೆ.

ನಮ್ಮ ಕರಾವಳಿಗೆ ಮೊದಲು ಬಂದವರು ಜಂಗಮರೇ. 1500ರಲ್ಲಿ ಕಬ್ರಾಲ್‌ನ ಪೋರ್ಚುಗೀಸ್ ನೌಕಾಪಡೆ ಬಿಣಗಾ ಎದುರಿನ ಅಂಜುದೀವ ದ್ವೀಪದಲ್ಲಿ ಲಂಗರು ಹಾಕಿದಾಗ ಹಡಗಿನಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳಿದ್ದರು.

ಸಂತ ಅಂತೋನಿ ಸ್ಥಾವರ ಬಿಟ್ಟು ಜಂಗಮವಾದವರು. ಲಿಸ್ಬನ್‌ನಲ್ಲಿ ಹುಟ್ಟಿದ ಅವರ ಮೊದಲ ಹೆಸರು ಫೆರ್ನಾಂಡೊ. ಅಗಸ್ಟಿನರ ನಿಯಮದ ಮಠವೊಂದರಲ್ಲಿ ಓದಿಕೊಂಡು ಇದ್ದರು. 1220ರಲ್ಲಿ ಮೊರಾಕ್ಕೊದಲ್ಲಿ ಕೊಲ್ಲಲ್ಪಟ್ಟ ಐವರು ಫ್ರಾನ್ಸಿಸ್ಕನ್ನರ ಅಸ್ಥಿಗಳನ್ನು ಅವರಿದ್ದ ಕೊಯಿಂಬ್ರಾ ಪಟ್ಟಣಕ್ಕೆ ತಂದರು. ಅದನ್ನು ಕಂಡ ಫೆರ್ನಾಂಡೊ ಮಠ ಬಿಟ್ಟರು, ಹಗ್ಗ ಕಟ್ಟಿಕೊಂಡರು, ಹೆಸರು ಬದಲಿಸಿಕೊಂಡರು. 1231ರ ಜೂನ್ 13ರಂದು ತೀರಿಕೊಂಡರು; ಒಂದು ವರ್ಷ ತುಂಬುವ ಮೊದಲೇ ಸಂತರೆಂದು ಘೋಷಿತರಾದರು. ಅವರ ಹೆಸರಿನ ಚರ್ಚ್ ಶಿರಸಿಯಲ್ಲಿದೆ. ಕಳೆದುಹೋದ ವಸ್ತು ಹುಡುಕಿಕೊಡುವವರು ಎಂಬ ನಂಬಿಕೆ ನಮ್ಮ ಬಾಯಿಯವರಿಗೂ ಗಟ್ಟಿ. ಕನ್ನಡಕ ಕಾಣದಿದ್ದರೆ ಮೊದಲು ಅಂತೋನಿಗೆ ಹೇಳುತ್ತಾರೆ, ಆಮೇಲೆ ಮೊಮ್ಮಗನಿಗೆ. ಜನವರಿ 17ರ ಅಂತೋನಿ ಬೇರೆ: ಈಜಿಪ್ಟಿನ ಮರುಭೂಮಿಯ ಏಕಾಂತವಾಸಿ, ಸಭೆಗಳೇ ಹುಟ್ಟದ ಕಾಲದವರು. ನಮ್ಮಲ್ಲೊಬ್ಬ ಈ ಇಬ್ಬರನ್ನು ಒಂದೇ ಸಾಲಿನಲ್ಲಿ ಬರೆದಿದ್ದ.

ಇನ್ನೊಂದು ಸಾಮಾನ್ಯ ಗೊಂದಲ ಇಬ್ಬರು ಫ್ರಾನ್ಸಿಸರದು. ಅಸಿಸಿಯ ಫ್ರಾನ್ಸಿಸರ ಹಬ್ಬ ಅಕ್ಟೋಬರ್ 4. ಚಂದಾವರದ ಚರ್ಚಿನ ಫ್ರಾನ್ಸಿಸ್ ಝೇವಿಯರರ ಹಬ್ಬ ಡಿಸೆಂಬರ್ 3. ಎರಡನೆಯವರು ಯೇಸುಸಭೆಯವರು, ಸೊಂಟಕ್ಕೆ ಗಂಟಿನ ಹಗ್ಗವಿಲ್ಲ, ಸಾದಾ ಕಪ್ಪು ನಿಲುವಂಗಿ. ಯೇಸುಸಭೆ ಮಠವೂ ಅಲ್ಲ, ಭಿಕ್ಷುಗಳ ಕೂಟವೂ ಅಲ್ಲ. ಕಳುಹಿಸಿದಲ್ಲಿಗೆ ಹೊರಡುವ ಪಾದ್ರಿಗಳ ಪಡೆ. ಮೂರು ವ್ರತಗಳ ಮೇಲೆ ಪೋಪ್ ಹೇಳಿದ ಕಡೆ ಹೋಗುವ ನಾಲ್ಕನೆಯ ವ್ರತವೂ ಅವರಲ್ಲಿ ಹಲವರಿಗುಂಟು. ಭಾರತಕ್ಕೆ ಬರಬೇಕಾಗಿದ್ದ ಸಂಗಾತಿ ಕಾಯಿಲೆ ಬಿದ್ದಾಗ ಆ ಜಾಗಕ್ಕೆ ಝೇವಿಯರರನ್ನು ಗೊತ್ತುಮಾಡಿದರು, ಮಾರನೆಯ ದಿನವೇ ಅವರು ರೋಮ್ ಬಿಟ್ಟರು. ಅದು 1540ರ ಮಾರ್ಚ್. ಪೋಪ್ ಸಭೆಗೆ ಮುದ್ರೆ ಒತ್ತಿದ್ದು ಸೆಪ್ಟೆಂಬರ್ 27ರಂದು. 1542ರ ಮೇ 6ಕ್ಕೆ ಅವರು ಗೋವೆಯಲ್ಲಿದ್ದರು.

ಬಾಗಿಲ ಹೊರಗೆ ನಿಂತವರು

ಈಗ ಬಾಗಿಲ ಪ್ರಶ್ನೆ. ಗೋವೆಯಲ್ಲಿ ನೆಲೆಯೂರಿದ ಯುರೋಪಿನ ಸಭೆಗಳು ಇಲ್ಲಿಯ ಜನರಿಗೆ ಕ್ರೈಸ್ತ ದೀಕ್ಷೆ ಕೊಟ್ಟವು, ಶಾಲೆ ತೆರೆದವು. ಆದರೆ ಇಲ್ಲಿಯವರನ್ನು ತಮ್ಮ ಸಭೆಯ ಸದಸ್ಯರಾಗಿ ಸ್ವೀಕರಿಸಲು ಬಹುಮಟ್ಟಿಗೆ ಒಲ್ಲೆ ಎಂದವು. ಊರ ಪಾದ್ರಿಯಾಗಬಹುದಿತ್ತು, ಸನ್ಯಾಸಿಯಾಗುವಂತಿರಲಿಲ್ಲ.

ಮುಂಬೈ ಹತ್ತಿರದ ವಸಾಯಿಯ ಗೊನ್ಸಾಲೊ ಗಾರ್ಸಿಯಾ ಇದನ್ನು ಉಂಡವರು. ಜಪಾನಿನಲ್ಲಿ ಯೇಸುಸಭೆಯವರ ಜೊತೆ ಉಪದೇಶಿಯಾಗಿ ಕೆಲಸ ಮಾಡಿದರು, ಭಾಷೆ ಕಲಿತರು. ಸಭೆಗೆ ಸೇರಿಸಿಕೊಳ್ಳಿ ಎಂದರೆ ಆಗಲಿಲ್ಲ. ಕೆಲಕಾಲ ವ್ಯಾಪಾರ ಮಾಡಿ ಕೊನೆಗೆ ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಹೋದರರಾದರು. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಶಿಲುಬೆಗೇರಿಸಿದ 26 ಮಂದಿಯಲ್ಲಿ ಅವರೂ ಒಬ್ಬರು. 1862ರಲ್ಲಿ ಸಂತ ಪದವಿ ಬಂತು. ಭಾರತದಲ್ಲಿ ಹುಟ್ಟಿದವರಲ್ಲಿ ಅವರೇ ಮೊದಲ ಸಂತರು. ಕೊರಳಿಗೆ ಬಂದದ್ದು ಯೇಸುಸಭೆಯ ಗುರುತಲ್ಲ, ಸೊಂಟಕ್ಕೆ ಹಗ್ಗ.

ಜೋಸೆಫ್ ವಾಜ್ ನಮಗೆ ಇನ್ನೂ ಹತ್ತಿರದವರು. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಕೊಂಕಣಿ ಮನೆಮಾತಿನವರು. ಕಾರವಾರದಿಂದ ಅದು ಒಂದು ಬೆಳಗಿನ ಪ್ರಯಾಣ. 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿದ್ದರು. ಅದು ಕೆಳದಿ ಚೆನ್ನಮ್ಮನ ಆಳ್ವಿಕೆಯ ಕಾಲ. ಹೊನ್ನಾವರದ ಪೋರ್ಚುಗೀಸ್ ಕೋಟೆ 1654ರಲ್ಲೇ ಕೆಳದಿಯವರ ಕೈಗೆ ಬಂದಿತ್ತು. ಚದುರಿದ ಕ್ರೈಸ್ತರಿಗೆ ಪಾದ್ರಿಗಳು ಕಡಿಮೆ. ಅದರ ಮೇಲೆ ಅಧಿಕಾರದ ಜಗಳ ಬೇರೆ: ರೋಮ್ ನೇಮಿಸಿದ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಒಂದು ಕಡೆ, ಇಲ್ಲಿಯ ಧರ್ಮಾಧ್ಯಕ್ಷರನ್ನು ಆರಿಸುವ ಪೋರ್ಚುಗಲ್ ದೊರೆಯ ಹಕ್ಕು ಹಿಡಿದ ಗೋವೆ ಇನ್ನೊಂದು ಕಡೆ. ಗೋವೆಯ ಪರವಾಗಿ ಬಂದವರು ವಾಜ್. ನನಗೆ ವಿಚಿತ್ರವೆನಿಸಿದ್ದು, ಕಾಸ್ತ್ರೊ ಕೂಡ ಗೋವೆಯವರೇ. ಥಿಯಟೈನ್ ಸಭೆಯ ಸನ್ಯಾಸಿ, ರೋಮ್‌ನ ಬಲದಿಂದ ಮೇಲೆ ಬಂದವರು. ಒಂದೇ ಸೀಮೆಯ ಇಬ್ಬರನ್ನು ದೂರದ ಎರಡು ಅಧಿಕಾರಗಳು ಎದುರುಬದುರು ನಿಲ್ಲಿಸಿದ್ದವು.

ಗೋವೆಗೆ ಮರಳಿದ ವಾಜ್ 1685ರಲ್ಲಿ ಹಳೆ ಗೋವೆಯ ಕೆಲವು ದೇಶೀಯ ಪಾದ್ರಿಗಳ ಗುಂಪನ್ನು ಸೇರಿ ಅದರ ಮುಖ್ಯಸ್ಥರಾದರು. ಬಾಗಿಲು ತೆರೆಯದವರ ಮುಂದೆ ಕಾಯುವ ಬದಲು ಇವರು ತಮ್ಮದೇ ಮನೆ ಕಟ್ಟಿಕೊಂಡರು. ಅದಕ್ಕೆ ಆರಿಸಿಕೊಂಡದ್ದು ರೋಮ್‌ನ ಪಾದ್ರಿ ಸಂತ ಫಿಲಿಪ್ ನೇರಿಯವರ ‘ಒರಟರಿ’ಯ ಕಟ್ಟಳೆ. ಇಲ್ಲಿ ಪರೀಕ್ಷೆಗೆ ಓದುವವರು ಎಚ್ಚರವಿರಬೇಕು: ಒರಟರಿಯವರು ವ್ರತ ತೊಡುವುದಿಲ್ಲ. ಒಟ್ಟಿಗೆ ಉಣ್ಣುತ್ತಾರೆ, ಪ್ರಾರ್ಥಿಸುತ್ತಾರೆ, ಪ್ರೀತಿಯ ಕಟ್ಟಿನಲ್ಲೇ ಇರುತ್ತಾರೆ. ಹಾಗಾಗಿ ಕಟ್ಟುನಿಟ್ಟಾಗಿ ಹೇಳಿದರೆ ವಾಜ್ ಸನ್ಯಾಸಿ ಸಭೆಯ ಸಂತರಲ್ಲ. ನಾನು ಅವರನ್ನು ಈ ಪಟ್ಟಿಯಲ್ಲಿ ಬೇಕೆಂದೇ ಇಟ್ಟುಕೊಂಡಿದ್ದೇನೆ. ಆ ವ್ರತಗಳಿಲ್ಲದ ಜಾಗವೇ ಅಂದಿನ ಗೋವೆಯ ಇತಿಹಾಸ ಹೇಳುತ್ತದೆ.

ಒಂದು ಎಳೆ ಇಲ್ಲಿ ಚೆನ್ನಾಗಿ ಕೂಡಿಕೊಳ್ಳುತ್ತದೆ. ರೋಮ್‌ನಲ್ಲಿ ಝೇವಿಯರರ ಪತ್ರಗಳನ್ನು ಓದಿ ನೇರಿಯವರಿಗೂ ಭಾರತಕ್ಕೆ ಹೊರಡುವ ಆಸೆ ಹುಟ್ಟಿತ್ತಂತೆ. ನಿನ್ನ ಭಾರತ ರೋಮ್‌ನಲ್ಲೇ ಇದೆ ಎಂದು ಒಬ್ಬ ಸನ್ಯಾಸಿ ತಡೆದರಂತೆ. 1622ರ ಮಾರ್ಚ್ 12ರಂದು ಇಬ್ಬರಿಗೂ ಒಂದೇ ದಿನ ಸಂತ ಪದವಿ ಸಿಕ್ಕಿತು. ಬರಲಾಗದ ನೇರಿಯವರ ಕಟ್ಟಳೆ ಮಾತ್ರ ಅರವತ್ತು ವರ್ಷ ಕಳೆದು ಗೋವೆ ಮುಟ್ಟಿತು.

ವಾಜ್ ಅಲ್ಲಿಂದ ಸಿಂಹಳಕ್ಕೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದರಿಂದ 1687ರಲ್ಲಿ ಬಡ ಕೂಲಿಯ ವೇಷದಲ್ಲಿ ಇಳಿದರು. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆ ಬೇಡಿದರು. ಮಾಲೆ ಕಂಡು ಯಾರ ಮುಖ ಅರಳಿತೋ ಆ ಮನೆ ತಮ್ಮವರದು ಎಂದು ತಿಳಿದರು. ಹಗ್ಗ ಕಟ್ಟದ ಈ ಪಾದ್ರಿ ಭಿಕ್ಷುವಿನಂತೆಯೇ ಬದುಕಿದರು. ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಯಾದರು, ಸಿಡುಬು ಹಬ್ಬಿದಾಗ ರೋಗಿಗಳ ಆರೈಕೆ ಮಾಡಿದರು, 1711ರಲ್ಲಿ ಅಲ್ಲೇ ತೀರಿಕೊಂಡರು. ಸಂತ ಪದವಿ ಬಂದದ್ದು 2015ರಲ್ಲಿ, ಕೊಲಂಬೊದಲ್ಲಿ. ಘೋಷಿಸಿದ ಪೋಪ್ ಯೇಸುಸಭೆಯವರು, ಇಟ್ಟುಕೊಂಡ ಹೆಸರು ಅಸಿಸಿಯ ಫ್ರಾನ್ಸಿಸರದು!

ಗೋವೆಯ ಒರಟರಿ 1835ರಲ್ಲಿ ಮುಚ್ಚಿತು. ಪೋರ್ಚುಗಲ್ ಸರ್ಕಾರ ಗಂಡಸರ ಸನ್ಯಾಸಿ ಸಭೆಗಳನ್ನೆಲ್ಲ ರದ್ದುಮಾಡಿದಾಗ ಇವರ ಮನೆಗೂ ಬೀಗ ಬಿತ್ತು. ವ್ರತ ತೊಟ್ಟವರು, ತೊಡದವರು ಎಂಬ ಭೇದವನ್ನು ಆ ಆಜ್ಞೆ ಲೆಕ್ಕಕ್ಕೇ ಹಿಡಿಯಲಿಲ್ಲ.